ಹಾಸ್ಯವೂ ವಿಕೃತಿಯೂ

ಹಾಸ್ಯರಸದ ವಿಭಾವಗಳನ್ನು ಹೇಳುವಾಗ ಭರತಮುನಿಯು ವಿಕೃತವಾದ ವೇಷಾಲಂಕಾರಗಳನ್ನು ಮೊದಲಿಗೆ ಎಣಿಸಿದ್ದಾನೆ. ಅಮೆರಿಕದ ಚಲಿಸುವ ವ್ಯಂಗ್ಯಚಿತ್ರಗಳಿಗೆ ಈ ಲಕ್ಷಣವು ಒಪ್ಪುವಷ್ಟು ಮತ್ತಾವ ಕಲೆಗೂ ಒಪ್ಪಲಾರದು. ಬಾಣಲೆಯ ಪೆಟ್ಟು ತಿಂದ ಬೆಕ್ಕಿನ ಮುಖವು ಅಲ್ಲಿ ಬಾಣಲೆಯಂತೆಯೇ ಚಪ್ಪಟೆಯಾಗುತ್ತದೆ. ಎಲ್ಲವೂ ವಿಕೃತವಾಗಿರುವ ಆ ಲೋಕದಲ್ಲಿ ಕಪ್ಪು ಜನರನ್ನು ದಪ್ಪ ತುಟಿ, ಹೊರಳುಗಣ್ಣುಗಳಿಂದ ಬರೆದುದು ಮಾತ್ರ ಹೇಗೆ ದೋಷವಾದೀತು? ಬೇಟೆಗಾರ ಎಲ್ಮರ್ ಫಡ್ಡನೂ ಬಿಳಿಯನಾಗಿದ್ದು ಮೂರ್ಖನಲ್ಲವೆ? ಎಂದು ಕೇಳುವವರುಂಟು.

ಪ್ರಶ್ನೆಯು ಮೇಲುನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ ಎಲ್ಮರನು ಮೊಲದಿಂದ ಮೋಸಹೋದುದನ್ನು ಕಂಡು ಬಿಳಿಯರೆಲ್ಲ ಮೂಢರೆಂದು ಯಾರೂ ಬಗೆಯರು. ಅದೇ ಪರದೆಯ ಮೇಲೆ ಮರುಗಳಿಗೆಯಲ್ಲಿಯೇ ಬಿಳಿಯ ವೀರನೂ ವೈದ್ಯನೂ ನ್ಯಾಯಾಧೀಶನೂ ಬರುತ್ತಾರೆ. ಕಪ್ಪು ಮನುಷ್ಯನಿಗಾದರೋ ಸೇವಕ, ಸೋಮಾರಿ, ಕಾಡುಮನುಷ್ಯ ಎಂಬ ಎರಡು ಮೂರು ವೇಷಗಳಲ್ಲದೆ ಬೇರೆ ಗತಿಯಿರಲಿಲ್ಲ. ವಿಕೃತಿಯು ನಗೆಯನ್ನು ತರುವುದು ಪ್ರಕೃತಿಯನ್ನು ಬಲ್ಲವರಿಗೆ. ಒಂದು ಜನಾಂಗದ ಪ್ರಕೃತಿಯನ್ನು ಎಂದೂ ತೋರಿಸದೆ ವಿಕೃತಿಯನ್ನೇ ತೋರಿಸುತ್ತ ಬಂದರೆ, ನೋಡುವವನು ಅದನ್ನೇ ಪ್ರಕೃತಿಯೆಂದು ನಂಬುತ್ತಾನೆ. ಆಗ ಹಾಸ್ಯವು ಹಾಸ್ಯವಾಗಿ ಉಳಿಯದೆ ಸುಳ್ಳುಸಾಕ್ಷಿಯಾಗುತ್ತದೆ.

ಹೀಗೆ ದೋಷವನ್ನು ಒಪ್ಪಿಕೊಂಡ ಮೇಲೆ ಆ ಚಿತ್ರಗಳನ್ನು ಏನು ಮಾಡತಕ್ಕದ್ದು ಎಂಬುದು ಇನ್ನೂ ಕಠಿನವಾದ ಪ್ರಶ್ನೆ. 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯು ವಾರ್ನರ್ ಸಂಸ್ಥೆಯ ಹಳೆಯ ಚಿತ್ರಗಳಲ್ಲಿ 11ನ್ನು ದೂರದರ್ಶನದ ಪ್ರಸಾರದಿಂದ ತಡೆಹಿಡಿಯಿತು. ಅವುಗಳಲ್ಲೊಂದು ಬಾಬ್ ಕ್ಲಾಂಪೆಟ್ಟನು 1943ರಲ್ಲಿ ನಿರ್ದೇಶಿಸಿದ ‘ಕೋಲ್ ಬ್ಲ್ಯಾಕ್’. ಅದರಲ್ಲಿ ಕಪ್ಪು ಕಲಾವಿದರ ಕಂಠವಿದೆ, ಜಾಝ್ ಸಂಗೀತದ ಮೇಲೆ ನಿಜವಾದ ಮೋಹವೂ ಇದೆ. ಬರೆದ ಮುಖಗಳು ಮಾತ್ರ ಅವಮಾನಕರ. ಮೆಚ್ಚಿಕೆಯೂ ತಿರಸ್ಕಾರವೂ ಒಂದೇ ಕುಂಚದಲ್ಲಿ ಕೂಡಿರಬಲ್ಲವು. ಕಪ್ಪು ಜನರ ಹಕ್ಕುಗಳ ಸಂಘವು ಅದೇ ವರ್ಷ ಈ ಚಿತ್ರವನ್ನು ಖಂಡಿಸಿತಾಗಿ, ‘ಅಂದಿನ ಕಾಲಕ್ಕೆ ಅದು ತಪ್ಪೆನಿಸಿರಲಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ತಪ್ಪೆನಿಸಿತ್ತು; ಹೇಳಿದವರ ಮಾತನ್ನು ಕೇಳುವವರಿರಲಿಲ್ಲ.

ತಡೆಹಿಡಿಯುವುದಕ್ಕಿಂತ ವಿಚಿತ್ರವಾದುದು ತಿದ್ದುವಿಕೆ. ‘ಟಾಮ್ ಮತ್ತು ಜೆರಿ’ ಮಾಲೆಯಲ್ಲಿ 1940ರಿಂದ 1952ರವರೆಗೆ ಕಪ್ಪು ಮನೆಗೆಲಸದವಳೊಬ್ಬಳು ಬರುತ್ತಾಳೆ. ಆಕೆಯ ಕಾಲು, ಚಪ್ಪಲಿ, ಪೊರಕೆ ಕಾಣುತ್ತವೆ; ಮುಖ ಕಾಣಿಸುವುದಿಲ್ಲವೆಂದೇ ಹೇಳಬಹುದು. ಕಂಠವು ಲಿಲಿಯನ್ ರಾಂಡಾಲ್ಫ್ ಎಂಬ ಕಪ್ಪು ನಟಿಯದು. ಆಕೆಯ ಹೆಸರನ್ನು ಪರದೆಯ ಮೇಲೆ ಹಾಕಲಿಲ್ಲ. 1960ರ ದಶಕದಲ್ಲಿ ದೂರದರ್ಶನಕ್ಕಾಗಿ ಕೆಲವು ಚಿತ್ರಗಳಲ್ಲಿ ಅವಳನ್ನು ಅಳಿಸಿ, ಆ ಸ್ಥಳದಲ್ಲಿ ಬಿಳಿಯ ಹೆಂಗಸನ್ನು ಬರೆದರು, ಕಂಠವನ್ನೂ ಬದಲಾಯಿಸಿದರು. ಮೊದಲು ಮುಖವಿಲ್ಲದವಳಾಗಿದ್ದಳು, ಈಗ ದೇಹವೂ ದನಿಯೂ ಇಲ್ಲದವಳಾದಳು. ಅವಮಾನಕ್ಕೆ ಪರಿಹಾರವೆಂದು ಅವಮಾನಿತಳನ್ನೇ ಮನೆಯಿಂದ ಹೊರಡಿಸಿದ ಈ ನ್ಯಾಯವು ಯಾವ ಶಾಸ್ತ್ರದ್ದೋ! ಕಳಂಕವು ಕಂಪನಿಯದಾಗಿತ್ತು, ಅಳಿಸಿಹೋದುದು ನಟಿಯ ದುಡಿಮೆ.

ಮೆಕ್ಸಿಕೋದ ಇಲಿ ಸ್ಪೀಡಿ ಗೊನ್ಜಾಲೆಸನ ವಿಷಯದಲ್ಲಿ ಕಥೆ ಬೇರೆಯಾಯಿತು. 1999ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಅವನನ್ನು ತೆರೆಯಿಂದ ಇಳಿಸಿದಾಗ, ಆ ಮೂಲದ ಅಮೆರಿಕನ್ನರಲ್ಲಿಯೇ ಅನೇಕರು ಬೇಕೆಂದು ಕೇಳಿದರು. 2002ರಲ್ಲಿ ಅವನು ಮರಳಿದನು. ಇದೂ ಅಚ್ಚರಿಯಲ್ಲ, ಅವನು ಜಾಣ, ಗೆಲ್ಲುವವನು. ಅವನ ಸುತ್ತಲಿನ ಇಲಿಗಳು ಸೋಮಾರಿಗಳೆಂಬುದು ನಿಜ.

ಉಳಿದುದು ಮಕ್ಕಳ ಮಾತು. ಚಿತ್ರವನ್ನು ಕತ್ತರಿಸದೆ ಮುಂದೆ ಒಂದು ಎಚ್ಚರಿಕೆಯ ಮಾತನ್ನು ಸೇರಿಸುವುದು ಪ್ರಾಜ್ಞರಿಗೆ ಸರಿಯಾದೀತು. ಆದರೆ ಐದು ವರ್ಷದ ಮಗು ಮುನ್ನುಡಿಯನ್ನು ಓದುವುದಿಲ್ಲ. ಅದು ಕಾಗೆಗಳ ಹಾಡನ್ನು ನೋಡಿ ನಗುತ್ತದೆ, ಅಷ್ಟೆ. 2021ರಲ್ಲಿ ಡಿಸ್ನಿ ಸಂಸ್ಥೆಯು 1941ರ ‘ಡಂಬೊ’ ಮೊದಲಾದವನ್ನು ಮಕ್ಕಳ ಖಾತೆಗಳಿಂದ ತೆಗೆದು ಹಿರಿಯರ ಖಾತೆಗಳಲ್ಲಿ ಉಳಿಸಿಕೊಂಡಿತು. ಪುಸ್ತಕಾಲಯಕ್ಕೂ ತೊಟ್ಟಿಲ ಕೋಣೆಗೂ ನಡುವೆ ಹಾಕಿದ ಬಾಗಿಲು ಇದು. ಕೀಲಿಕೈ ಹಿರಿಯರ ಬಳಿ ಇದೆ. ಬಾಗಿಲು ತೆರೆದು, ಮಗುವಿನ ಪಕ್ಕದಲ್ಲಿ ಕುಳಿತು, ಆ ಕಾಗೆಗಳ ಮುಖಂಡನಿಗೆ ದನಿ ಕೊಟ್ಟವನು ಬಿಳಿಯನೇಕೆಂದು ವಿವರಿಸುವಷ್ಟು ಪುರುಸೊತ್ತು ಅವರಿಗೆ ಇದ್ದರೆ.