ಬರೆಯದೇ ಬಿಟ್ಟ ನಮೂದು

ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ನಮ್ಮ ಸಾರ್ ಹೇಳುತ್ತಿದ್ದರು: "ಬುಕ್ಕಲ್ಲಿ ಇರೋದಕ್ಕೆ ಟಿಕ್ ಹಾಕೋದು ಸುಲಭ ಕಣಯ್ಯ. ಬರೀದೇ ಬಿಟ್ಟಿರೋದನ್ನ ಹುಡುಕು." ಲಂಡನ್ನಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಆ ಮಾತು ನನ್ನನ್ನೇ ತಿವಿಯಿತು.

ಇಲ್ಲಿ 2011ರಿಂದ ಪೊಲೀಸರ ಅಪರಾಧ ನಕ್ಷೆ ಎಲ್ಲರಿಗೂ ತೆರೆದಿದೆ. ಪೋಸ್ಟ್‌ಕೋಡ್ ಹಾಕಿದರೆ ಯಾವ ತಿಂಗಳು ಯಾವ ಬೀದಿಯ ಆಸುಪಾಸಿನಲ್ಲಿ ಮನೆಗಳ್ಳತನ, ದರೋಡೆ ನಡೆದವೆಂದು ಕಾಣುತ್ತದೆ. ಮನೆಯ ಗುರುತು ಸಿಗದಿರಲೆಂದು ಚುಕ್ಕೆಯನ್ನು ಸ್ವಲ್ಪ ಸರಿಸಿರುತ್ತಾರೆ. ವಾರ್ಡುಗಳಲ್ಲಿ ನಿವಾಸಿಗಳ ಸಮಿತಿಯೂ ಉಂಟು. ಯಾವ ತೊಂದರೆಗೆ ಮೊದಲು ಗಮನ ಕೊಡಬೇಕೆಂದು ಪೊಲೀಸರ ಜೊತೆ ಕೂತು ಅದು ತೀರ್ಮಾನಿಸುತ್ತದೆ. ಲೆಕ್ಕ ಬಲ್ಲವನೆಂದು ನಮ್ಮ ವಾರ್ಡಿನವರು ನನ್ನನ್ನೂ ಸೇರಿಸಿಕೊಂಡರು.

ಅಮ್ಮ ಊರಿನಿಂದ ಬಂದಿದ್ದಾಗ ಬಸ್ ಸ್ಟಾಪಿನ ಬಳಿ ಹುಡುಗನೊಬ್ಬ ಅವಳ ಸರ ಕಿತ್ತುಕೊಂಡು ಓಡಿದ. "ಹೋಗ್ಲಿ ಬಿಡೋ, ಪರದೇಶದಲ್ಲಿ ಪೊಲೀಸು ಗಿಲೀಸು ಬೇಡ" ಎಂದಳು. ಒಪ್ಪಿದೆ. ನಿಜವಾದ ಕಾರಣ ಬೇರೆಯಿತ್ತು. ಆಗಷ್ಟೇ ಮನೆ ಮಾರಾಟಕ್ಕಿಟ್ಟಿದ್ದೆ. ಕೊಳ್ಳುವವರೂ ಅದೇ ನಕ್ಷೆ ನೋಡುತ್ತಾರಲ್ಲ!

ಮುಂದಿನ ಸಭೆಯಲ್ಲಿ ನೋಡಿದರೆ ನಮ್ಮ ಬೀದಿ ಶುಭ್ರ. ಆಚೆಯ ಕೌನ್ಸಿಲ್ ಫ್ಲ್ಯಾಟುಗಳ ಮೇಲೆ ಚುಕ್ಕೆಗಳ ಗುಂಪು. ಗಸ್ತು ಅಲ್ಲಿಗೇ ಹೋಗಲಿ ಎಂದು ಎಲ್ಲರೂ ಕೈಯೆತ್ತಿದರು, ನಾನೂ ಎತ್ತಿದೆ. ಆರು ವಾರಗಳಲ್ಲಿ ಅದೇ ಬಸ್ ಸ್ಟಾಪಿನಲ್ಲಿ ಗುಜರಾತಿ ಅಜ್ಜಿಯೊಬ್ಬರ ಸರ ಹೋಯಿತು. ಬಿದ್ದು ಸೊಂಟದ ಮೂಳೆಯೂ ಮುರಿಯಿತು.

ಪೊಲೀಸರ ಲೆಕ್ಕವನ್ನು ದೂರುವುದು ನನಗೆ ರೂಢಿಯಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೂರು ಬಂದ ಅಪರಾಧಗಳಲ್ಲೇ ಸುಮಾರು ಶೇ. 19 ದಾಖಲಾಗುತ್ತಿಲ್ಲವೆಂದು 2014ರಲ್ಲಿ ಪೊಲೀಸ್ ತಪಾಸಣಾ ಸಂಸ್ಥೆಯೇ ಹೇಳಿತ್ತು. ಅದೇ ವರ್ಷ ಆ ಅಂಕಿಗಳಿಗಿದ್ದ 'ರಾಷ್ಟ್ರೀಯ ಅಂಕಿಅಂಶ' ಎಂಬ ಮುದ್ರೆಯೂ ಹೋಯಿತು. ಇದನ್ನೆಲ್ಲ ಸಭೆಯಲ್ಲಿ ಬಿಡಿಸಿ ಹೇಳಿದವನು ನಾನೇ. ಆದರೆ ದೂರನ್ನೇ ಕೊಡದವನ ತಪ್ಪನ್ನು ಯಾವ ತಪಾಸಣೆ ಹಿಡಿದೀತು?

ಹಾಗೆಂದು ನಕ್ಷೆಯನ್ನು ಎಸೆಯುವಂತಿಲ್ಲ. ಅದಿಲ್ಲದಿದ್ದರೆ ಗಸ್ತು ಹೋಗುವುದು ದೊಡ್ಡ ಗಂಟಲಿನವರ ಬೀದಿಗೆ. ಮನೆಯೊಳಗೆ ಹೊಡೆತ ತಿನ್ನುವವಳು, ವೀಸಾದ ಭಯದಲ್ಲಿರುವವನು ಸುಮ್ಮನಿದ್ದರೆ ಬೊಟ್ಟು ಮಾಡಲಾರೆ. ನನಗೆ ಅಂಥ ಭಯವಿರಲಿಲ್ಲ. ನನ್ನ ಮೌನ ನನ್ನ ಸ್ವಂತದ ವಿಷಯವೆಂದುಕೊಂಡಿದ್ದೆ. ಅದರ ಬೆಲೆ ತೆತ್ತವರು ಬೇರೆ. ಆ ಅಜ್ಜಿಯಷ್ಟೇ ಅಲ್ಲ, ಫ್ಲ್ಯಾಟಿನ ಹುಡುಗರೂ ತೆತ್ತರು. ಪೊಲೀಸರು ಹೆಚ್ಚು ನಿಂತಲ್ಲಿ ಜೇಬು ತಪಾಸಣೆ ಹೆಚ್ಚು, ಒಂದಿಷ್ಟು ಗಾಂಜಾ ಸಿಕ್ಕರೂ ಇನ್ನೊಂದು ಚುಕ್ಕೆ. ಆ ಚುಕ್ಕೆ ಮತ್ತೆ ಪೊಲೀಸರನ್ನು ಅಲ್ಲಿಗೇ ಕರೆಯುತ್ತದೆ.

ಅಜ್ಜಿಯ ಸುದ್ದಿ ಕೇಳಿದ ಮರುದಿನ 101ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಇಷ್ಟು ತಡವೇಕೆ ಎಂದು ಕೇಳಿದರು. "ಅಮ್ಮ ಹೆದರಿದ್ದರು" ಎಂದೆ. ನಮೂದು ಆಯಿತು, ನರೇಶನ್ ಮಾತ್ರ ಸುಳ್ಳು. ಅದನ್ನು ಇಲ್ಲಿ ತಿದ್ದುತ್ತಿದ್ದೇನೆ.