ಮಾಡಿದವರು ಮತ್ತು ಮಾಡಿಸಿದವರು

ಕಾರ್ಕಳದ ಗೊಮ್ಮಟನನ್ನು ಮಾಡಿದ್ದು ಯಾರು ಎಂದು ಶಾಲೆಯ ಮಕ್ಕಳನ್ನು ಕೇಳಿ ನೋಡಿ. ವೀರಪಾಂಡ್ಯ ಎನ್ನುತ್ತಾರೆ, 1432 ಎಂದು ಇಸವಿಯನ್ನೂ ಸೇರಿಸುತ್ತಾರೆ. ಆದರೆ ಅರಸ ಉಳಿ ಹಿಡಿದವನಲ್ಲ, ಮಾಡಿಸಿದವನು. 42 ಅಡಿಯ ಆ ಕಲ್ಲನ್ನು ಕೆತ್ತಿದವರ, ಬಂಡೆಯ ಮೇಲೆ ನಿಲ್ಲಿಸಿದವರ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಬೇಲೂರಿನ ದಾಸೋಜ, ಸೋಮನಾಥಪುರದ ಮಲ್ಲಿತಮ್ಮ ತಾವು ಕೆತ್ತಿದ ವಿಗ್ರಹಗಳಲ್ಲಿ ಹೆಸರು ಕೊರೆದದ್ದನ್ನು ನಾವು ಇಷ್ಟು ಮೆಚ್ಚಿ ಹೇಳುವುದೇ ಅದು ಅಪರೂಪವಾದ್ದರಿಂದ.

ನಮ್ಮ ವ್ಯಾಕರಣ ಇಲ್ಲಿ ಬಲು ಚುರುಕು. ‘ಮಾಡು’ವಿಗೆ ‘ಇಸು’ ಹಚ್ಚಿದರೆ ಸಾಕು, ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆ, ಹೆಸರು ಮಾತ್ರ ನಮ್ಮ ಹತ್ತಿರ ಉಳಿಯುತ್ತದೆ. ತುಳುವಿನಲ್ಲೂ ಹಾಗೆಯೇ: ಮಲ್ಪುನಿ, ಮಲ್ಪಾವುನಿ.

ಅಲೆವೂರಿಗೆ ಮಣಿಪಾಲ ತೀರಾ ಹತ್ತಿರ. ಅಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋಗಿ ಚಿಪ್ ಡಿಸೈನಿನಲ್ಲಿ ಇರುವವರು ಈ ಸುತ್ತಿನ ಮನೆಗಳಲ್ಲಿ ಸಿಗುತ್ತಾರೆ. ‘ಮಗ ಚಿಪ್ ಮಾಡುತ್ತಾನೆ’ ಎಂದು ಮದುವೆ ಊಟದ ಪಂಕ್ತಿಯಲ್ಲಿ ಹೇಳುವ ತಾಯಿಯದು ನ್ಯಾಯವಾದ ಹೆಮ್ಮೆ. ಆದರೆ ಮಗ ಚಿಪ್ ಮಾಡುವುದಿಲ್ಲ. ಪರದೆಯ ಮೇಲೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಹೊಂದಿಸಿ, ಆಕಾರಗಳ ಒಂದು ದೊಡ್ಡ ಫೈಲು ಸಿದ್ಧಪಡಿಸುತ್ತಾನೆ. ಅದನ್ನು ಕಳಿಸಿದ ದಿನಕ್ಕೆ ಟೇಪ್‌ಔಟ್ ಎಂದು ಹೆಸರು. ಅಂದು ಆಫೀಸಿನಲ್ಲಿ ಕೇಕ್ ಕತ್ತರಿಸುತ್ತಾರೆ. ಮಾಡುವ ಕೆಲಸ ಆಮೇಲೆ, ಬೇರೆ ದೇಶದಲ್ಲಿ.

ಮೊದಲಿನಿಂದಲೂ ಹೀಗಿರಲಿಲ್ಲ. ಜಾಲಹಳ್ಳಿಯ ಬಿಇಎಲ್ 60ರ ದಶಕದಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಕೆಲಸ ಉಪಗ್ರಹದ ಮೂಲಕ ಅಮೆರಿಕಕ್ಕೆ ಹೋಗತೊಡಗಿತು. 1987ರಲ್ಲಿ ಮೋರಿಸ್ ಚಾಂಗ್ ತೈವಾನಿನಲ್ಲಿ ಟಿಎಸ್‌ಎಂಸಿ ಕಟ್ಟಿದರು. ಬೇರೆಯವರು ಬಿಡಿಸಿದ ಚಿಪ್ಪುಗಳನ್ನು ತಯಾರಿಸಿಕೊಡುವುದಷ್ಟೇ ಅದರ ಕಸುಬು. ಅಲ್ಲಿಂದೀಚೆಗೆ ಈ ಉದ್ಯಮವೇ ಮಾಡುವವರು, ಮಾಡಿಸುವವರು ಎಂದು ಎರಡಾಗುತ್ತ ಬಂದಿದೆ.

ಮಾಡುವ ಜಾಗವನ್ನು ಸ್ವಲ್ಪ ನೋಡೋಣ. ಬಟ್ಟಲಷ್ಟಗಲದ ಸಿಲಿಕಾನ್ ಬಿಲ್ಲೆಗೆ ಬೆಳಕಿಗೆ ಮಾರ್ಪಡುವ ರಾಸಾಯನಿಕ ಸವರಬೇಕು, ಬೆಳಕು ಹಾಯಿಸಬೇಕು, ಆಮ್ಲದಿಂದಲೋ ಅನಿಲದಿಂದಲೋ ಕೊರೆಯಬೇಕು, ಅತಿ ಶುದ್ಧ ನೀರಿನಲ್ಲಿ ತೊಳೆಯಬೇಕು, ಮತ್ತೆ ಸವರಬೇಕು. ಹೀಗೆ ನೂರಾರು ಹಂತ, ತಿಂಗಳುಗಳ ಕೆಲಸ. ಒಳಗಿರುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟಿರುತ್ತಾರೆ. ಫೋಟೋ ನೋಡಿದವರು ಅದು ಕೆಲಸಗಾರರ ರಕ್ಷಣೆಗೆ ಅಂದುಕೊಳ್ಳುತ್ತಾರೆ. ಅದು ಮನುಷ್ಯನ ಮೈಯಿಂದ ಉದುರುವ ಧೂಳಿನಿಂದ ಬಿಲ್ಲೆಯನ್ನು ಕಾಪಾಡಲಿಕ್ಕೆ ಇರುವ ಉಡುಪು.

ದಕ್ಷಿಣ ಕೊರಿಯಾದ ಹ್ವಾಂಗ್ ಯು-ಮಿ ಅಂಥ ಉಡುಪು ತೊಟ್ಟು, ಗಿಹ್ಯುಂಗ್‌ನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ ಬಿಲ್ಲೆಗಳನ್ನು ರಾಸಾಯನಿಕದಲ್ಲಿ ಅದ್ದಿ ತೆಗೆಯುವ ಕೆಲಸ ಮಾಡುತ್ತಿದ್ದಳು. 2007ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ 22 ವರ್ಷ. ಅವಳ ಜೊತೆಗೆ ಅದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬಾಕೆಯೂ ಅದೇ ಕಾಯಿಲೆಯಿಂದ ತೀರಿಕೊಂಡಿದ್ದಳು. ಯು-ಮಿಯ ತಂದೆ ಟ್ಯಾಕ್ಸಿ ಓಡಿಸುವವರು. ಮಗಳ ಕಾಯಿಲೆಗೂ ಕೆಲಸಕ್ಕೂ ಸಂಬಂಧವಿದೆ ಎಂದು ಅವರು ವರ್ಷಗಟ್ಟಲೆ ಹೋರಾಡಿದರು. ಯಾವ ರಾಸಾಯನಿಕ ಬಳಸುತ್ತೀರಿ ಎಂದು ರೋಗಿಗಳ ಕಡೆಯವರು ಕೇಳಿದಾಗ ಅಡ್ಡ ಬಂದದ್ದು ‘ವ್ಯಾಪಾರದ ಗುಟ್ಟು’ ಎಂಬ ಉತ್ತರ. 2018ರ ನವೆಂಬರಿನಲ್ಲಿ ಕಂಪೆನಿ ಬಹಿರಂಗವಾಗಿ ಕ್ಷಮೆ ಕೇಳಿತು.

ಮಾಡಿದ್ದುಣ್ಣೋ ಮಹಾರಾಯ ಎಂಬುದು ನಮ್ಮ ಗಾದೆ. ಮಾಡಿಸಿದವನ ಎಲೆಗೆ ಏನು ಬಡಿಸಬೇಕೆಂದು ಅದು ಹೇಳುವುದಿಲ್ಲ. ಬಿಲ್ಲೆ ಅದ್ದಿದ ಹುಡುಗಿ ಉಂಡಳು. ಆ ಬಿಲ್ಲೆ ಬೇಕೆಂದವರಿಗೆ ಲಾಭ ಬಂತು.

ಈ ಪ್ರಶ್ನೆಯನ್ನು ಜೈನರು ಬಹಳ ಹಿಂದೆಯೇ ಎದುರಿಸಿದ್ದಾರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಕರ್ಮ ಮೂರು ಬಗೆಯಿಂದ ಅಂಟುತ್ತದೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡುವವರಿಗೆ ಹೂಂ ಅಂದದ್ದು. ಹಾಗಾದರೆ ಕಾರ್ಕಳದ ಅರಸನ ಲೆಕ್ಕ ಸರಿ. ಮಾಡಿಸಿದ ಪುಣ್ಯ ಅವನದೇ. ಆದರೆ ಪುಣ್ಯಕ್ಕೆ ಒಂದು ಲೆಕ್ಕ, ಪಾಪಕ್ಕೆ ಇನ್ನೊಂದು ಲೆಕ್ಕ ಇರಲಿಕ್ಕೆ ಸಾಧ್ಯವಿಲ್ಲ. ‘ನನ್ನ ಚಿಪ್’ ಎಂದು ಕೇಕ್ ಕತ್ತರಿಸುವವನು ಅದರ ತಯಾರಿಯ ಕೆಡುಕು ಬಂದಾಗ ‘ನಾನು ಬರೀ ಡಿಸೈನ್’ ಅನ್ನುವ ಹಾಗಿಲ್ಲ.

ಇದಕ್ಕೊಂದು ಆಕ್ಷೇಪ ಬರುತ್ತದೆ, ಹಗುರಾದದ್ದೂ ಅಲ್ಲ. ಹೂಂ ಅಂದವರಿಗೂ ಅಂಟುವುದಾದರೆ ಫೋನ್ ಹಿಡಿದ ನಾವೆಲ್ಲ ಪಾಲುದಾರರು. ಎಲ್ಲರೂ ತಪ್ಪಿತಸ್ಥರಾದರೆ ಯಾರೂ ತಪ್ಪಿತಸ್ಥರಲ್ಲ. ನನಗೆ ತೋರುವಂತೆ ಪಾಲು ಸಮವಾಗಿ ಹಂಚುವುದೇ ತಪ್ಪು. ಯಾರ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೋ ಅವರ ಪಾಲು ಹೆಚ್ಚು. ಅಲೆವೂರಿನಲ್ಲಿ ಕೂತು ನಾನು ಕೇಳಿದರೆ ಯಾವ ಕಾರ್ಖಾನೆಯೂ ತಿರುಗಿ ನೋಡುವುದಿಲ್ಲ. ಕೋಟಿಗಟ್ಟಲೆ ಚಿಪ್ಪಿಗೆ ಆರ್ಡರ್ ಕೊಡುವವನು ಕೇಳಿದರೆ ನೋಡುತ್ತದೆ. ಕಾಂಗೋದ ಯುದ್ಧಕ್ಕೆ ಹಣ ಒದಗಿಸುವ ಗಣಿಗಳ ಖನಿಜದ ಬಗ್ಗೆ ಅಮೆರಿಕ 2010ರಲ್ಲಿ ಕಾನೂನು ಮಾಡಿತು. 2014ರಲ್ಲಿ ಇಂಟೆಲ್ ತನ್ನ ಪ್ರೊಸೆಸರುಗಳಲ್ಲಿ ಅಂಥ ಖನಿಜ ಇಲ್ಲವೆಂದು ಘೋಷಿಸಿತು. ಗಣಿಯ ತನಕ ಹೋಗಿ ಕೇಳಬಹುದಾದರೆ, ಅದ್ದುವ ತೊಟ್ಟಿಯ ತನಕ ಹೋಗುವುದು ಕಷ್ಟವೇ? ಕಾರ್ಖಾನೆಯಿಂದ ಡಿಸೈನರ್‌ಗೆ ಬರುವ ನಿಯಮಗಳಲ್ಲಿ ಗೆರೆ ಎಷ್ಟು ಸಪೂರ, ಎರಡು ಗೆರೆಗಳ ನಡುವೆ ಎಷ್ಟು ಅಂತರ ಎಲ್ಲ ಇರುತ್ತದೆ. ತೊಟ್ಟಿಯ ಮುಂದೆ ನಿಂತವರು ಏನನ್ನು ಉಸಿರಾಡುತ್ತಾರೆ ಎಂಬುದು ಇರುವುದಿಲ್ಲ. ಈ ತಿಳಿಯದಿರುವಿಕೆ ತಾನಾಗಿ ಆದದ್ದಲ್ಲ. ಉದ್ಯಮವೇ ಅದನ್ನು ಅನುಕೂಲಕ್ಕೆಂದು ಸಾಕಿಕೊಂಡಿದೆ.

ದೂರ ಯಾಕೆ, ಕಾಪುವಿನವರಿಗೆ ಈ ಸಂಗತಿ ಹೊಸತಲ್ಲ. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಕರೆಂಟು ರಾಜ್ಯಕ್ಕೆಲ್ಲ ಬೆಳಕಾಯಿತು. ಬೂದಿ ಮಲ್ಲಿಗೆ ಗಿಡದ ಮೇಲೆ ಬೀಳುತ್ತಿದೆ ಎಂದು ಸುತ್ತಲಿನವರು ವರ್ಷಗಟ್ಟಲೆ ದೂರಿದರು, ಹಸಿರು ನ್ಯಾಯಮಂಡಳಿಯ ತನಕ ಹೋದರು. ಆ ದಿನಗಳಲ್ಲಿ ದೂರದ ಊರಿನಲ್ಲಿ ಸ್ವಿಚ್ ಹಾಕುವವರಿಗೆ ಇದೆಲ್ಲ ‘ಅಲ್ಲಿಯ’ ಸಮಸ್ಯೆಯಾಗಿತ್ತು.

ಈಗ ಫ್ಯಾಬ್ ನಮ್ಮ ದೇಶಕ್ಕೇ ಬರುತ್ತಿದೆ. ಗುಜರಾತಿನ ಧೊಲೇರಾದಲ್ಲಿ ಟಾಟಾ ಕಂಪೆನಿಯ ಕಾರ್ಖಾನೆಗೆ 2024ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ಸಾನಂದ್‌ನಲ್ಲಿ ಚಿಪ್ ಪ್ಯಾಕೇಜಿಂಗ್ ಘಟಕ ಕಟ್ಟಿದ ಕೇನ್ಸ್ ನಮ್ಮ ಮೈಸೂರಿನದು. ನನಗೆ ಇದು ಬೇಡದ ಸುದ್ದಿಯೇನಲ್ಲ. ಮಾಡುವವರೂ ಮಾಡಿಸುವವರೂ ಒಂದೇ ಕಾನೂನಿನಡಿ ಬಂದರೆ ಕೇಳುವುದು ಸುಲಭ. ಬೆಂಗಳೂರಿನಲ್ಲಿ ಡಿಸೈನ್ ಮಾಡುವ ನಮ್ಮೂರಿನ ಹುಡುಗ ಹುಡುಗಿಯರು ಒಂದು ರಜೆಯಲ್ಲಿ ರೈಲು ಹತ್ತಿ ಅಲ್ಲಿಗೆ ಹೋಗಬಹುದು. ತೊಟ್ಟಿಗಳಲ್ಲಿ ಏನೇನು ತುಂಬುತ್ತಾರೆ ಎಂಬ ಪಟ್ಟಿ, ಅಲ್ಲಿ ಕೆಲಸ ಮಾಡುವವರಿಗೆ ಓದಲಿಕ್ಕೆ ಬರುವ ಭಾಷೆಯಲ್ಲಿ, ಗೋಡೆಯ ಮೇಲೆ ಇದೆಯೇ ಎಂದು ಕೇಳಬಹುದು.