ಪೂರ್ವಪಕ್ಷವಿಲ್ಲದ ಸಿದ್ಧಾಂತ

ಸರ್ಕಾರದ ಸಭೆಯಲ್ಲಿ ಪ್ರಜೆಗೆ ಮಾತನಾಡಲು ಅವಕಾಶ ಕೊಡುವುದು ಆಳುವವರ ಔದಾರ್ಯವೋ ಅಥವಾ ಅವರು ತೀರಿಸಬೇಕಾದ ಋಣವೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

1881ನೆಯ ಇಸವಿಯಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿದಾಗ ಅದರಲ್ಲಿ 144 ಮಂದಿ ಸೇರಿದ್ದರು. ಸರ್ಕಾರದ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡಿಕೊಳ್ಳುವುದು, ಇಷ್ಟೇ ಅವರ ಪಾಲಿಗಿದ್ದುದು, ನಿರ್ಣಯಿಸುವ ಅಧಿಕಾರವಿರಲಿಲ್ಲ. ಇಂದಿನ ಸ್ಥಿತಿ ಬೇರೆ. ಸಂವಿಧಾನದ 73ನೆಯ ತಿದ್ದುಪಡಿಯನ್ನೂ 1993ರ ಪಂಚಾಯತ್ ಶಾಸನವನ್ನೂ ಅನುಸರಿಸಿ ನಮ್ಮ ಗ್ರಾಮಗಳಲ್ಲಿ ಗ್ರಾಮಸಭೆ ಏರ್ಪಟ್ಟಿದೆ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರೆಲ್ಲರೂ ಅದರ ಸದಸ್ಯರು. ಅಂದಿನ ಅರಿಕೆ ಇಂದು ಹಕ್ಕಾಗಿದೆ. ಆದರೆ ಹಕ್ಕು ದೊರೆತಮಾತ್ರಕ್ಕೆ ಮಾತಿಗೆ ಬೆಲೆ ಬಂದಿತೇ?

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಭೆಯಲ್ಲಿ ನಾನೂ ಕುಳಿತಿದ್ದೆನು. ಸಭೆ ಆರಂಭವಾಗುವುದಕ್ಕೆ ಮೊದಲೇ ನಡವಳಿ ಪುಸ್ತಕವು ರುಜುವಿಗಾಗಿ ಕೈಯಿಂದ ಕೈಗೆ ಬಂದಿತು. ಮೇಲಿನ ಪುಟ ಬರಿದಾಗಿತ್ತು. ಎಲ್ಲರಂತೆ ನಾನೂ ರುಜುಹಾಕಿದೆನು. ಬಳಿಕ ಒಬ್ಬ ಮುದುಕಿ ಎದ್ದು, “ನಲ್ಲಿ ನೀರು ನಮ್ಮ ಕೇರಿಗೆ ಏರೋದಿಲ್ಲ ಸ್ವಾಮಿ, ಓಣಿಯ ಬಾಯಲ್ಲೇ ನಿಂತುಹೋಗ್ತದೆ” ಎಂದಳು. “ಬರೆದುಕೊಂಡೆವು, ಕೂತುಕೋ ಅಜ್ಜಿ” ಎಂಬ ಉತ್ತರ ಬಂದಿತು. ಬರೆಯುವವನ ಪಕ್ಕದಲ್ಲೇ ಇದ್ದ ನನಗೆ ಅವನ ಲೇಖನಿ ಅಲುಗದಿದ್ದುದು ಕಾಣಿಸಿತು. ನಾನು ಸುಮ್ಮನಿದ್ದೆನು. ಸಭೆಯಲ್ಲಿ ಸುಳ್ಳಾಡಿದವನನ್ನೂ ಮೌನವಾಗಿದ್ದವನನ್ನೂ ಮನುಸ್ಮೃತಿಯು ಒಂದೇ ಪಾಪಕ್ಕೆ ಗುರಿಮಾಡಿದೆಯೆಂದು ಬಲ್ಲವನಾಗಿಯೂ ಸುಮ್ಮನಿದ್ದೆನು.

ಪಾಠಶಾಲೆಯಲ್ಲಿ ನಾವು ಕಲಿತ ಶಾಸ್ತ್ರಕ್ರಮದಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಿ, ಅದಕ್ಕೆ ಸಮಾಧಾನ ಹೇಳಿದಮೇಲೆಯೇ ಸಿದ್ಧಾಂತ. ಎದುರುಮಾತನ್ನು ಕೇಳಿದಂತೆ ನಟಿಸಿ ಮೊದಲೇ ನಿಶ್ಚಯಿಸಿದುದನ್ನು ಓದುವುದು ಸಿದ್ಧಾಂತವಲ್ಲ, ಹಟ. ಸಭೆಗೂ ಇದೇ ನ್ಯಾಯ. ಪ್ರಜೆ ಕೇಳಿದುದೆಲ್ಲವನ್ನೂ ಕೊಡಲೇಬೇಕೆಂದಿಲ್ಲ. ಆದರೆ ಕೇಳಿದುದನ್ನು ಬರೆದುಕೊಂಡು, ಆಗುವುದಾದರೆ ಎಂದು, ಆಗದಿದ್ದರೆ ಏಕೆ ಎಂದು ಹೇಳಲೇಬೇಕು.

ಎಲ್ಲರೂ ಮಾತನಾಡಿದರೆ ಕೆಲಸ ಕೆಡುವುದೆಂದೂ, ಓದುಬರಹವಿಲ್ಲದವರಿಗೆ ಆಡಳಿತ ತಿಳಿಯದೆಂದೂ ಕೆಲವರು ಆಕ್ಷೇಪಿಸಬಹುದು. ಕಾಲಕ್ಕೆ ಮಿತಿಯನ್ನು ವಿಧಿಸಲಿ, ಅದು ಅನ್ಯಾಯವಲ್ಲ. ತಿಳಿವಿನ ಮಾತಾದರೋ, ಕೊಳವೆಯ ಅಳತೆ ಇಂಜಿನಿಯರಿಗೆ ಗೊತ್ತು; ನೀರು ಎಲ್ಲಿ ನಿಲ್ಲುವುದೆಂಬುದು ಕೊಡ ಹೊತ್ತವಳಿಗೆ ಗೊತ್ತು. ಎರಡು ತಿಳಿವೂ ಕೂಡದೆ ನೀರು ಏರದು.

ಮುಂದಿನ ಸಭೆಯಲ್ಲಿ ಹಿಂದಿನ ನಡವಳಿಯನ್ನು ಓದಿಹೇಳಿದ ಹೊರತು ರುಜುಹಾಕೆನೆಂದೆನು. ಓದಿದರು, ಅಜ್ಜಿಯ ಮಾತು ಅದರಲ್ಲಿರಲಿಲ್ಲ. ಅವಳೇ ಮತ್ತೊಮ್ಮೆ ಎದ್ದು ಹೇಳಿದಳು; ಎಲ್ಲರೆದುರಿಗೆ ಅದನ್ನು ಬರೆಯಲಾಯಿತು. ನೀರು ಇನ್ನೂ ಆ ಕೇರಿಗೆ ಏರಿಲ್ಲ. ಆದರೆ ಏಕೆ ಏರಲಿಲ್ಲವೆಂಬುದಕ್ಕೆ ಪ್ರತಿ ಸಭೆಯಲ್ಲಿಯೂ ಯಾರಾದರೊಬ್ಬರು ಎದ್ದುನಿಂತು ಉತ್ತರ ಹೇಳಬೇಕಾಗಿದೆ. ಋಣ ತೀರಿಲ್ಲ, ಋಣವೆಂದು ಒಪ್ಪಿಕೊಂಡಂತಾಗಿದೆ.